ಬೆಂಚ್‌ವೈಸ್ ಮೀಮಾಂಸೆ: ಪೂರ್ವಪಕ್ಷ, ಸಿದ್ಧಾಂತ ಮತ್ತು ತುಕ್ಕು

ದವಡೆ ತೆರೆದಿದ್ದಾಗ ದ್ವೈತ, ಬಿಗಿದು ಕೂತಾಗ ಅದ್ವೈತ, ನಡುವೆ ಒಂದು ಕಬ್ಬಿಣದ ಪಟ್ಟಿ ಸಿಕ್ಕಿಕೊಂಡಾಗ ವಿಶಿಷ್ಟಾದ್ವೈತ. ಮೂರು ಮತಗಳನ್ನೂ ಒಂದೇ ಹಿಡಿಯಿಂದ ತಿರುಗಿಸಿ ತೋರಿಸುವ ಬೆಂಚ್‌ವೈಸ್ ಎಂಬ ಮಹಾವಸ್ತುವಿಗೆ ನಮ್ಮ ಪಂಡಿತಲೋಕ ಭಾಷ್ಯ ಬರೆಯುವ ಮನಸ್ಸು ಮಾಡಿಲ್ಲ. ಐಟಿಐ ಫಿಟ್ಟರ್ ಪುಸ್ತಕದಲ್ಲಿ ಒಂದು ಚಿತ್ರ, ಚಿತ್ರದ ಸುತ್ತ ಬಾಣದ ಗುರುತು, ಅಷ್ಟೆ. ಬಿ.ಎಲ್. ರೈಸ್ ನಾಡಿನ ಸಾವಿರಾರು ಶಾಸನಗಳನ್ನು ಓದಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಅಚ್ಚು ಹಾಕಿಸಿದರು. ರೈಸ್ ಆಯಿತು, ವೈಸ್ ಆಗಲಿಲ್ಲ. ಆ ಕೊರತೆ ನೀಗಲೆಂದು, ನನ್ನ ಬಳಿಯಿರುವ ಏಳು ವೈಸುಗಳನ್ನೂ ಅವನ್ನು ಹೊತ್ತು ತಂದ ಸೊಂಟವನ್ನೂ ಆಕರವಾಗಿಟ್ಟುಕೊಂಡು ಈ ಗ್ರಂಥಕ್ಕೆ ಕೈಹಾಕಿದ್ದೇನೆ.

ಶಬ್ದದ ಮೂಲದಿಂದ ಶುರುಮಾಡುವುದು ಸಂಪ್ರದಾಯ. ಲ್ಯಾಟಿನ್ನಿನಲ್ಲಿ ‘ವಿಟಿಸ್’ ಅಂದರೆ ದ್ರಾಕ್ಷಿಬಳ್ಳಿ. ಬಳ್ಳಿಯ ಕುಡಿ ಸುರುಳಿ ಸುತ್ತುವುದನ್ನು ಕಂಡವರು ಹಳೆಯ ಫ್ರೆಂಚಿನಲ್ಲಿ ತಿರುಪಿಗೆ ‘ವಿಸ್’ ಎಂದರು. ತಿರುಪಿನ ಹೆಸರು ಕೊನೆಗೆ ತಿರುಪಿರುವ ಸಲಕರಣೆಗೇ ಅಂಟಿತು. ಬಳ್ಳಿಯ ಒಂದು ಕವಲು ದ್ರಾಕ್ಷಾರಸದ ಕಡೆ ಹೋಯಿತು, ಇನ್ನೊಂದು ವೈಸಿನ ಕಡೆ ಬಂತು. ಎರಡನೆಯದರ ಅಮಲು ಬೆಳಿಗ್ಗೆ ಎದ್ದರೂ ಇಳಿದಿರುವುದಿಲ್ಲ. ಅಮೆರಿಕದವರು ಈ ಪದವನ್ನು ಎಸ್ ಅಕ್ಷರ ಹಾಕಿ ಬರೆಯುತ್ತಾರೆ, ಇಂಗ್ಲೆಂಡಿನವರು ಸಿ ಹಾಕುತ್ತಾರೆ. ಸಿ ಹಾಕಿದರೆ ದುಶ್ಚಟ ಎಂಬ ಅರ್ಥವೂ ಬರುತ್ತದೆ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಆದ್ದರಿಂದ ನಾನು ತಟಸ್ಥ. ಮನೆಯಾಕೆ ಮಾತ್ರ ಇಂಗ್ಲೆಂಡಿನ ಪಕ್ಷ.

ಇನ್ನು ಉತ್ಪತ್ತಿ. ಇಲ್ಲಿ ಪೂರ್ವಪಕ್ಷದವರು ಒಂದು ಗಟ್ಟಿ ಆಕ್ಷೇಪ ಎತ್ತುತ್ತಾರೆ: ವೈಸ್ ಮಾಡಬೇಕಾದರೆ ಅದರ ಭಾಗಗಳನ್ನು ಹಿಡಿದು ಅರ ಉಜ್ಜಬೇಕು, ಹಿಡಿಯಲು ವೈಸ್ ಬೇಕು, ಹಾಗಾದರೆ ಮೊದಲ ವೈಸನ್ನು ಹಿಡಿದದ್ದು ಯಾವುದು? ತರ್ಕಶಾಸ್ತ್ರದಲ್ಲಿ ಇದಕ್ಕೆ ಅನವಸ್ಥಾ ದೋಷ ಎನ್ನುತ್ತಾರೆ. ನ್ಯೂರೆಂಬರ್ಗಿನ ಮಾರ್ಟಿನ್ ಲೋಫೆಲ್‌ಹೋಲ್ಟ್ಸ್ 1505ರ ತನ್ನ ಚಿತ್ರಸಂಪುಟದಲ್ಲಿ ತಿರುಪಿನ ವೈಸ್ ಇರುವ ಬಡಗಿಯ ಬೆಂಚನ್ನು ಬರೆದಿಟ್ಟಿದ್ದಾನೆ. ಅದು ಮರದ್ದು. ಕಮ್ಮಾರರ ಉದ್ದಕಾಲಿನ ವೈಸ್ ಬೇರೆ ಗೋತ್ರ. ಅದರ ಒಂದು ಕಾಲು ನೆಲಕ್ಕೆ ತಾಗಿ ಸುತ್ತಿಗೆಯ ಏಟನ್ನು ಭೂಮಿತಾಯಿಗೆ ದಾಟಿಸುತ್ತದೆ. ಇವೆಲ್ಲ ಪುರಾಣ. ಚರಿತ್ರೆ ಶುರುವಾಗುವುದು ಒಂದು ಪ್ರವೇಶ ಪರೀಕ್ಷೆಯಿಂದ.

ಪರೀಕ್ಷೆ ನಡೆದದ್ದು 1789ರ ಸುಮಾರಿಗೆ, ಲಂಡನ್ನಿನಲ್ಲಿ, ಬೀಗ ಮಾಡುವ ಜೋಸೆಫ್ ಬ್ರಾಮಾನ ಕಾರ್ಖಾನೆಯಲ್ಲಿ. ಕಥೆಯನ್ನು ಬರೆದವರು 1863ರಲ್ಲಿ ಸ್ಯಾಮ್ಯುಯೆಲ್ ಸ್ಮೈಲ್ಸ್. ಕೆಲಸ ಕೇಳಿಕೊಂಡು ಬಂದ ಹುಡುಗ ಹದಿನೆಂಟರ ಹೆನ್ರಿ ಮಾಡ್‌ಸ್ಲೇ. ವುಲಿಚ್‌ನ ಮದ್ದುಗುಂಡಿನ ಕಾರ್ಖಾನೆಯಲ್ಲಿ ಪಳಗಿದ ಕೈ, ಆದರೆ ಏಳು ವರ್ಷದ ಶಿಷ್ಯವೃತ್ತಿ ಮುಗಿಸಿದ ಕಾಗದ ಇಲ್ಲ. ಅಲ್ಲಿನ ಮೇಸ್ತ್ರಿ ತಲೆಯಾಡಿಸಿದ. ಮೂಲೆಯಲ್ಲಿ ದವಡೆ ಸವೆದು ಹಲ್ಲಿಲ್ಲದ ಮುದುಕನಂತೆ ಕೂತಿದ್ದ ಒಂದು ವೈಸ್ ಇತ್ತು. ಇದನ್ನು ಸಂಜೆ ಆರರೊಳಗೆ ಹೊಸದರಂತೆ ಮಾಡಿಕೊಟ್ಟರೆ ಕೆಲಸ ಎಂದಾಯಿತು. ಹುಡುಗ ಕೋಟು ಕಳಚಿಟ್ಟ, ವೈಸನ್ನು ಬಿಚ್ಚಿದ, ಉಕ್ಕಿನ ದವಡೆ ಕೂರಿಸಿದ, ಅರ ಉಜ್ಜಿದ, ಕಾಯಿಸಿ ಹದಕೊಟ್ಟ. ಆರಕ್ಕೆ ಮೊದಲೇ ಮುಗಿಯಿತು. ಮುಂದೆ ಇದೇ ಮನುಷ್ಯ ತಿರುಪು ಕೊರೆಯುವ ಲೇತನ್ನು ತಿದ್ದಿ ಜಗತ್ತಿನ ತಿರುಪುಗಳಿಗೆಲ್ಲ ಶಿಸ್ತು ಕಲಿಸಿದ.

ಅಂದು ಉಕ್ಕಿನ ದವಡೆಯನ್ನು ಅರ ಉಜ್ಜುವಾಗ ಹಿಡಿದುಕೊಂಡಿದ್ದ ಇನ್ನೊಂದು ವೈಸ್ ಯಾವುದು? ಕೇಳಿದವರಿಲ್ಲ. ಪರೀಕ್ಷೆ ಪಾಸಾದವನಿಗೆ ಹೆಸರು, ನೋಟ್ಸ್ ಕೊಟ್ಟವನಿಗೆ ಏನೂ ಇಲ್ಲ. ನಮ್ಮಲ್ಲೂ ಹಾಗೇ ತಾನೆ.

ಅಮೆರಿಕ ಖಂಡಕ್ಕೆ ಬಂದರೆ ಸಂಪ್ರದಾಯ ಶಾಖೆಗಳಾಗಿ ಒಡೆಯುತ್ತದೆ. ಪೆನ್ಸಿಲ್ವೇನಿಯಾದ ವೇನ್ಸ್‌ಬರೋದಲ್ಲಿ ಎಮರ್ಟ್ ಎಂಬವರು 1891ರಲ್ಲಿ ಪೇಟೆಂಟ್ ಪಡೆದ ವೈಸ್ ಬೇಕಾದ ಕಡೆಗೆಲ್ಲ ಹೊರಳುತ್ತದೆ, ಅದರ ಬೆನ್ನು ಆಮೆಯ ಚಿಪ್ಪಿನ ಹಾಗೆ. ಸಂಗ್ರಾಹಕರು ಅದನ್ನು ಆಮೆಬೆನ್ನು ಎಂದೇ ಕರೆಯುತ್ತಾರೆ. ಕೂರ್ಮಾವತಾರ ಎನ್ನಲು ಅವರಿಗೆ ತಿಳಿದಿಲ್ಲ. ಷಿಕಾಗೋದ ವಿಲ್ಟನ್ ಅವೆನ್ಯೂನಲ್ಲಿ ಹ್ಯೂ ವೋಗಲ್ ಎಂಬ ಚೆಕ್ ಮೂಲದವರು 1941ರಲ್ಲಿ ಶುರುಮಾಡಿದ ಕಂಪನಿ ಆ ಬೀದಿಯ ಹೆಸರನ್ನೇ ಇಟ್ಟುಕೊಂಡಿತು. ವಿಲ್ಟನ್ ವೈಸ್ ಬಂದೂಕಿನ ಗುಂಡಿನಂತೆ ಉರುಟು. ಅದಕ್ಕೊಂದು ಜಾತಕವೂ ಇದೆ: ಚಲಿಸುವ ದವಡೆಯನ್ನು ಪೂರ್ತಿ ಹೊರಗೆಳೆದು ಅಂಗಾತ ಮಲಗಿಸಿದರೆ ಅಡಿಯಲ್ಲಿ ತಿಂಗಳು, ವರ್ಷ ಒತ್ತಿರುತ್ತದೆ. ಹುಟ್ಟಿದ ದಿನ ಎಂದು ಹಿಗ್ಗಬೇಡಿ. ಆರಂಭದ ಕಾಲದಲ್ಲಿ ಅದು ಐದು ವರ್ಷದ ಗ್ಯಾರಂಟಿ ಮುಗಿಯುವ ದಿನವಾಗಿತ್ತು. ಆದ್ದರಿಂದ ಪಂಡಿತರು ಐದು ಕಳೆಯುತ್ತಾರೆ. ಸಾಯುವ ದಿನದಿಂದ ಹುಟ್ಟಿದ ದಿನ ಕಂಡುಹಿಡಿಯುವ ಈ ವಿದ್ಯೆ ನಮ್ಮ ಜ್ಯೋತಿಷಿಗಳಿಗೂ ಒಲಿದಿಲ್ಲ.

ನಾನು ಬಡ ಸಂಶೋಧಕ, ನನ್ನ ಕ್ಷೇತ್ರಕಾರ್ಯವೆಲ್ಲ ಬೆಂಗಳೂರಿನ ಗುಜರಿ ಅಂಗಡಿಗಳಲ್ಲಿ. ಶೆಫೀಲ್ಡಿನ ರೆಕಾರ್ಡ್ ಕಂಪನಿಯ ನಂಬರ್ 3, ನಾಲ್ಕು ಇಂಚಿನ ದವಡೆಯದು, ಸಿಕ್ಕಿದ್ದು ಅಲ್ಲೇ, ಗೇರ್ ಬಾಕ್ಸುಗಳ ಕೆಳಗೆ. ಕ್ಷೇತ್ರಕಾರ್ಯದ ಮೊದಲ ನಿಯಮ, ಚೌಕಾಸಿ ಮುಗಿಯುವ ತನಕ ಅಕ್ಷರದ ಮೇಲಿನ ಧೂಳು ಒರೆಸಬಾರದು. ಒರೆಸಿದ ಕ್ಷಣವೇ ಕೆಜಿ ಲೆಕ್ಕ ಹೋಗಿ ಪೀಸ್ ಲೆಕ್ಕ ಬರುತ್ತದೆ. ಎರಡನೆಯದು, ಬೇರೆ ಏನನ್ನೋ ನೋಡುತ್ತಿರುವಂತೆ ನಟಿಸಬೇಕು. ನಾನು ಒಂದು ಹಳೆಯ ಸೀಲಿಂಗ್ ಫ್ಯಾನನ್ನು ಅಷ್ಟು ಚೆನ್ನಾಗಿ ನೋಡಿದೆನೆಂದರೆ ಅದನ್ನೂ ಕೊಳ್ಳಬೇಕಾಯಿತು.

ಎರಕದ ಶಾಸನದಲ್ಲಿ ಮೊದಲೆರಡು ಇಂಗ್ಲಿಷ್ ಅಕ್ಷರ ಸವೆದು ‘ಕಾರ್ಡ್’ ಎಂದಷ್ಟೇ ಉಳಿದಿತ್ತು. ಮಿತ್ರರೊಬ್ಬರು ಅದನ್ನು ‘ರೇಷನ್ ಕಾರ್ಡ್’ ಎಂದು ಪೂರ್ಣಗೊಳಿಸಿದರು. ಆ ಪಾಠಾಂತರವನ್ನು ದಾಖಲಿಸಿ ತಿರಸ್ಕರಿಸಿದ್ದೇನೆ.

ಈಗ ಈ ಗ್ರಂಥದ ಮುಖ್ಯ ಕೊಡುಗೆಗೆ ಬರೋಣ: ಕುಂಕುಮ ಕಾಲಗಣನೆ. ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಆಯುಧಪೂಜೆಗೆ ಯಂತ್ರಗಳನ್ನೆಲ್ಲ ತೊಳೆದು, ಬಣ್ಣ ಬಳಿದು, ವಿಭೂತಿ ಪಟ್ಟೆ ಎಳೆದು, ಅರಿಸಿನ ಕುಂಕುಮ ಇಡುತ್ತಾರೆ. ಮುಂದಿನ ದಸರೆಯ ಬಣ್ಣ ಹಿಂದಿನ ಕುಂಕುಮದ ಮೇಲೆ ಕೂರುತ್ತದೆ. ಬ್ಲೇಡಿನಿಂದ ಮೆಲ್ಲನೆ ಹೆರೆದರೆ ಪದರಗಳು ಮರದ ಉಂಗುರದಂತೆ ಕಾಣುತ್ತವೆ: ಬೆಳ್ಳಿಬಣ್ಣ, ಅದರಡಿ ಕೆಂಪು ಗೆರೆ, ಹಸಿರು, ಮತ್ತೆ ಕೆಂಪು ಗೆರೆ, ಬೂದು, ಕಟ್ಟಕಡೆಗೆ ಶೆಫೀಲ್ಡಿನ ನೀಲಿ. ನನ್ನ ನಂಬರ್ 3ರಲ್ಲಿ ಹನ್ನೊಂದು ದಸರೆ ಎಣಿಸಿದೆ. ನಡುವೆ ಕುಂಕುಮವಿಲ್ಲದ ಒಂದು ಗುಲಾಬಿ ಪದರ ಬಂದು ಸಿದ್ಧಾಂತವನ್ನೇ ಅಲುಗಿಸಿತು. ಯಾರದೋ ಮನೆ ಗೇಟಿಗೆ ಬಳಿದು ಉಳಿದದ್ದಿರಬೇಕೆಂದು ಸಮಾಧಾನ ಹೇಳಿಕೊಂಡೆ.

ಎಣಿಸಿದ ಮೇಲೆ ವಿದ್ವತ್ತಿನ ಮುಂದಿನ ಹೆಜ್ಜೆ, ಎಣಿಸಿದ್ದನ್ನು ಅಳಿಸುವುದು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರಿಗೆ ವಾಷಿಂಗ್ ಸೋಡಾ ಕದಡಿ ವೈಸನ್ನು ಮುಳುಗಿಸಿದೆ. ಬ್ಯಾಟರಿ ಚಾರ್ಜರಿನ ನೆಗೆಟಿವ್ ವೈಸಿಗೆ, ಪಾಸಿಟಿವ್ ಒಂದು ರದ್ದಿ ತಗಡಿಗೆ. ಅದಲುಬದಲಾದರೆ ತಗಡು ಹೊಳೆಯುತ್ತದೆ, ವೈಸ್ ಕರಗುತ್ತದೆ. ತಗಡು ಸ್ಟೇನ್‌ಲೆಸ್ ಆಗಿರಬಾರದು, ನೀರು ವಿಷವಾಗುತ್ತದೆ. ಸಣ್ಣ ಗುಳ್ಳೆಗಳೆದ್ದವು, ಅದು ಹೈಡ್ರೋಜನ್, ಬೀಡಿ ಹಚ್ಚುವವರು ದೂರವಿರಬೇಕು. ಎರಡು ದಿನಕ್ಕೆ ತುಕ್ಕೂ ಹನ್ನೊಂದು ದಸರೆಯೂ ಒಟ್ಟಿಗೆ ಕೆಸರಾಗಿ ಡ್ರಮ್ಮಿನ ತಳ ಸೇರಿದವು. ಮೇಲೆ ಹೊಸ ನೀಲಿ ಬಳಿದು, ‘ಮೂಲ ಸ್ಥಿತಿ’ ಎಂದು ಚೀಟಿ ಅಂಟಿಸಿದೆ.

ಒಂದೇ ಕುಂದು, ಹ್ಯಾಂಡಲ್ ಬಾಗಿತ್ತು. ಹಿಂದಿನ ಮಾಲೀಕರು ಪೈಪು ತೂರಿಸಿ ತಿರುಗಿಸಿದ್ದರು. ಮಾಡಬೇಡಿ ಎಂದು ಐಟಿಐಯಲ್ಲಿ ಮೊದಲು ಹೇಳಿಕೊಡುವುದೂ ಇದನ್ನೇ, ಹೊರಗೆ ಬಂದವರು ಮೊದಲು ಮಾಡುವುದೂ ಇದನ್ನೇ. ಸರಿಪಡಿಸಲು ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿಯುವ ವೈಸ್ ಬೇಕು. ನನ್ನಲ್ಲಿ ಏಳಿವೆ, ಒಂದೂ ಬೆಂಚಿಗೆ ಕೂತಿಲ್ಲ. ಬೋಲ್ಟ್ ಬಿಗಿದರೆ ಬಣ್ಣ ಏಳುತ್ತದೆ.

ಸ್ಪಿಂಡಲ್ ಸಮೇತ ಬಿಚ್ಚಿಕೊಂಡು ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಗೆ ಹೋದೆ. ಅಲ್ಲಿನ ವೈಸಿಗೆ ಹೆಸರಿಲ್ಲ, ಒಂದು ದವಡೆ ಅರ್ಧ ಸವೆದಿದೆ, ಹಿಂದಿನ ದಸರೆಯ ಕುಂಕುಮ ಇನ್ನೂ ನೆತ್ತಿಯ ಮೇಲಿದೆ. ಹುಡುಗ ಹ್ಯಾಂಡಲನ್ನು ದವಡೆಗೆ ಕೊಟ್ಟು ಸುತ್ತಿಗೆಯಿಂದ ಎರಡು ಏಟು ಹಾಕಿದ. ನೆಟ್ಟಗಾಯಿತು.

“ಎಷ್ಟು ವರ್ಷದ್ದಪ್ಪ ಇದು?” ಎಂದೆ.

“ನಮ್ಮಪ್ಪನ ಕಾಲದ್ದು ಸಾರ್.”

ಇಷ್ಟಕ್ಕೆ ವಿದ್ವಾಂಸರು ತೃಪ್ತರಾಗಬಾರದು. ಬಗ್ಗಿ, ಬೆಳ್ಳಿಬಣ್ಣದ ಅಂಚು ಎದ್ದಿದ್ದ ಕಡೆ ಹೆಬ್ಬೆರಳಿನ ಉಗುರಿಟ್ಟು ಪದರ ಎಣಿಸಲು ಶುರುಮಾಡಿದೆ.

“ಸಾರ್, ಉಗುರು ಹಾಕ್ಬೇಡಿ, ಪೂಜೆ ಮಾಡಿರೋದು,” ಎಂದ ಹುಡುಗ, ಹ್ಯಾಂಡಲನ್ನು ನನ್ನ ಕೈಗೆ ಕೊಟ್ಟು ಮುಂದಿನ ಪೈಪನ್ನು ದವಡೆಗೆ ಇಟ್ಟ.