ವಿಳಾಸ ತಪ್ಪಿದ ಹೂವು

ಕಾವ್ಯಗಳಲ್ಲಿ ಪ್ರೀತಿಯ ಉಡುಗೊರೆಗೊಂದು ಹಣೆಬರಹವಿದೆ. ತರಲು ಹೋದವನು ಹೈರಾಣಾಗುತ್ತಾನೆ. ಉಡುಗೊರೆ ಮಾತ್ರ ಮತ್ತೆಲ್ಲಿಗೋ ಹೋಗಿ ಸೇರುತ್ತದೆ.

ಭೀಮನನ್ನೇ ನೋಡಿ. ಗಾಳಿ ಹೊತ್ತು ತಂದ ಒಂದು ಸೌಗಂಧಿಕಾ ಪುಷ್ಪ ಕಂಡು ದ್ರೌಪದಿ ‘ಇಂಥವು ಇನ್ನಷ್ಟು ಬೇಕು’ ಅಂದಳು. ಪುಣ್ಯಾತ್ಮ ಗಂಧಮಾದನ ಹತ್ತಿದ, ಹನುಮಂತನ ಬಾಲ ಎತ್ತಲಾಗದೆ ಬೆವರಿದ, ಕುಬೇರನ ಕಾವಲಿನವರೊಡನೆ ಬಡಿದಾಡಿದ. ಇತ್ತ ದ್ರೌಪದಿಯ ಕೈಯಲ್ಲಿದ್ದ ಆ ಮೊದಲ ಹೂವು ಯಾರಿಗೆ ಹೋಯಿತು ಗೊತ್ತೇ? ವ್ಯಾಸಭಾರತ ತೆರೆದು ನೋಡಿ: ಧರ್ಮರಾಯನಿಗೆ! ಬೆಟ್ಟ ಹತ್ತಿದವನೊಬ್ಬ, ಹೂವು ಪಡೆದವನು ಇನ್ನೊಬ್ಬ.

ಕೃಷ್ಣನ ಪಾಡೂ ಅಷ್ಟೇ. ನಾರದರು ತಂದ ಪಾರಿಜಾತ ರುಕ್ಮಿಣಿಯ ಪಾಲಾಯಿತೆಂದು ಸತ್ಯಭಾಮೆ ಮುನಿಸಿಕೊಂಡಳು. ಇಂದ್ರನೊಡನೆ ಕಾದಾಡಿ ಮರವನ್ನೇ ತಂದು ಭಾಮೆಯ ಅಂಗಳದಲ್ಲಿ ನೆಟ್ಟರೆ, ಹೂವು ಉದುರಿದ್ದು ರುಕ್ಮಿಣಿಯ ಅಂಗಳಕ್ಕೆ ಅಂತಾರೆ ನಮ್ಮ ಜನ. ಉತ್ತರ ಕರ್ನಾಟಕದವರು ಕುಲಗೋಡ ತಮ್ಮಣ್ಣನವರ ‘ಶ್ರೀಕೃಷ್ಣ ಪಾರಿಜಾತ’ವನ್ನು ನಿದ್ದೆಗೆಟ್ಟು ನೋಡಿದ್ದು ಸುಮ್ಮನೆ ಅಲ್ಲ. ಇಬ್ಬರು ಹೆಂಡಿರ ಕಷ್ಟ ಗೊತ್ತಿಲ್ಲದವರಿಗೂ ಒಂದು ಹೂವಿನ ಕಷ್ಟ ಗೊತ್ತಿತ್ತು.

ದುಷ್ಯಂತನ ಉಂಗುರ ಮೀನಿನ ಹೊಟ್ಟೆ ಸೇರಿತು. ಜಾಣ ಅಂದರೆ ಮೇಘದೂತದ ಯಕ್ಷ. ಕರ್ತವ್ಯಲೋಪಕ್ಕೆ ಒಂದು ವರ್ಷ ಗಡೀಪಾರಾದವನು, ಉಡುಗೊರೆಯ ಗೋಜಿಗೇ ಹೋಗದೆ ಮೋಡದ ಕೈಲಿ ಬರೀ ಮಾತು ಕಳಿಸಿದ.

1942ರಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಬಂದ ಮೇಲೆ ನಮ್ಮಂಥ ಸಂಸಾರಸ್ಥರಿಗೆ ಕೊಂಚ ಜೀವ ಬಂತು. ಅಲ್ಲಿ ಬೆಟ್ಟ ಹತ್ತುವ ಕೆಲಸವಿಲ್ಲ. ತವರು, ಮಾವನ ಮನೆ, ಬಳೆಗಾರ: ಕೈಗೆಟುಕುವ ಪ್ರೀತಿ.

ಅದನ್ನು ಓದಿದ ಹುರುಪಿನಲ್ಲಿ ಒಂದು ಸಂಜೆ ನಾನೂ ಮಲ್ಲಿಗೆ ಕೊಳ್ಳಲು ನಿಂತೆ. ಮೊಳ ಹಾಕುವಾಗ ಹೂವಿನಾಕೆ ಮೊಣಕೈಯನ್ನು ನಾಜೂಕಾಗಿ ಒಳಕ್ಕೆ ಎಳೆದುಕೊಂಡಳು. ನಾನು ಬಾಯಿ ಬಿಡುವ ಮುಂಚೆಯೇ “ಕೊಸರು ಹಾಕಿದೀನಿ ಬಿಡಣ್ಣ” ಎಂದು ಎರಡು ಮೊಳವನ್ನು ಬಾಳೆಲೆಯಲ್ಲಿ ಸುತ್ತಿ ಕೊಟ್ಟಳು. ಮನೆಗೆ ಬಂದು ಹೆಂಡತಿಯ ಕೈಗಿತ್ತೆ.

“ಅಬ್ಬಾ, ಇವತ್ತು ಶುಕ್ರವಾರ ಅಂತ ನೆನಪಿತ್ತಲ್ಲ ನಿಮಗೆ!”

ಕತ್ತರಿ ಬಂತು. ಮೊದಲ ತುಂಡು ವೆಂಕಟರಮಣನ ಫೋಟೋಗೆ. ಎರಡನೆಯದು ಅಮ್ಮನಿಗೆ, ಮೂರನೆಯದು ಮಗಳ ಜಡೆಗೆ. ಅಷ್ಟರಲ್ಲಿ ಹೆಪ್ಪು ಕೇಳಲು ಬಂದ ಪಕ್ಕದ ಮನೆಯಾಕೆಯನ್ನು ಬರಿಗೈಲಿ ಕಳಿಸಲಾದೀತೆ? ಉಳಿದ ಗೇಣುದ್ದವನ್ನು ತಾನು ಮುಡಿದಳು. ಆಮೇಲೆ ಬೆನ್ನು ತಿರುಗಿಸಿದ್ದು ನಾನು ನೋಡಲಿ ಅಂತಲೋ, ಒಲೆಯ ಮೇಲೆ ಸಾರು ಉಕ್ಕುತ್ತಿತ್ತು ಅಂತಲೋ, ಹೇಳುವುದು ಕಷ್ಟ.

ಆದ್ದರಿಂದ ಗಂಡಂದಿರಲ್ಲಿ ಒಂದು ವಿನಂತಿ. ಚಂದ್ರ, ನಕ್ಷತ್ರ ತರುವ ಮಾತನ್ನು ಕವಿಗಳಿಗೇ ಬಿಟ್ಟುಬಿಡಿ. ಹೂವು ತರುವುದಾದರೆ ಒಂದೆರಡು ಮೊಳ ಹೆಚ್ಚಿಗೇ ತನ್ನಿ. ದೇವರು, ದಿಂಡರು, ನೆರೆಹೊರೆ ಎಲ್ಲ ಮುಗಿದ ಮೇಲೂ ಮುಡಿಗಿಷ್ಟು ಉಳಿಯಬೇಕಲ್ಲ!