ಸಂಕೇಶ್ವರ ಕಿಲ್ಲಾಮೀಮಾಂಸೆ

ದುರ್ಗಗಳು ನಾಲ್ಕು ಬಗೆ ಎಂದ ಕೌಟಿಲ್ಯ. ಸಾಲದೆಂದು ಮನು ಆರು ಮಾಡಿದ. ಇಬ್ಬರೂ ದೀಪಾವಳಿಗೆ ಸಂಕೇಶ್ವರಕ್ಕೆ ಬಂದವರಲ್ಲ. ಬಂದಿದ್ದರೆ ಗಿರಿದುರ್ಗ, ವನದುರ್ಗ, ಮರುದುರ್ಗಗಳ ಸಾಲಿಗೆ ಕಟ್ಟೆದುರ್ಗ, ಹಿತ್ತಿಲದುರ್ಗ, ಮಾಳಿಗೆದುರ್ಗ, ಗಟಾರದುರ್ಗಗಳನ್ನೂ ಸೇರಿಸಬೇಕಾಗುತ್ತಿತ್ತು. ಎರಡು ಸಾವಿರ ವರ್ಷ ಕಳೆದರೂ ಈ ಕೊರತೆ ತುಂಬಲು ಯಾವ ವಿದ್ವಾಂಸನೂ ಮುಂದೆ ಬರಲಿಲ್ಲ. ಆದ್ದರಿಂದ ಪ್ರಸ್ತುತ ಪ್ರಬಂಧಕಾರನು, ಯಾರೂ ಕೇಳದಿದ್ದರೂ, ಈ ಭಾರವನ್ನು ಹೊತ್ತಿದ್ದಾನೆ.

ವಿಷಯನಿರ್ದೇಶ

ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಿಗೆ, ಹಿರಣ್ಯಕೇಶಿ ಹೊಳೆಯ ದಂಡೆಗೆ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರ ಇದೆ. ಶಂಕರಲಿಂಗನ ಗುಡಿ, ಮೆಣಸಿನಕಾಯಿ, ಸಹಕಾರಿ ಸಕ್ಕರೆ ಕಾರ್ಖಾನೆ ಇವುಗಳಿಂದ ಊರಿಗೆ ಹೆಸರು. ದೀಪಾವಳಿ ರಜೆ ಬಿಟ್ಟ ಮರುದಿನ ಇಲ್ಲಿನ ಹುಡುಗರು ಮನೆ ಮುಂದೆ ಕಲ್ಲು, ಇಟ್ಟಿಗೆ, ಹರಕು ಗೋಣಿಚೀಲ ಪೇರಿಸಿ, ಮೇಲೆ ಕೆಸರು ಮೆತ್ತಿ, ಬುರುಜು ಎಬ್ಬಿಸಿ, ತುದಿಗೆ ಶಿವಾಜಿ ಮಹಾರಾಜರನ್ನು ಸಿಂಹಾಸನದ ಮೇಲೆ ಕೂರಿಸಿ, ಮೆಟ್ಟಿಲಿಗೊಬ್ಬ ಮಾವಳೆ ಸೈನಿಕನನ್ನು ನಿಲ್ಲಿಸುತ್ತಾರೆ. ಇದಕ್ಕೆ ಕಿಲ್ಲಾ ಎಂದು ಹೆಸರು. ಕೊಲ್ಹಾಪುರದ ಕಡೆಯಿಂದ ನಿಪ್ಪಾಣಿ ದಾಟಿ ಬೆಳಗಾವಿಯವರೆಗೆ ಈ ಪದ್ಧತಿ ಹಬ್ಬಿದೆ.

ಇದೇ ಕೆಲಸವನ್ನು ದೂರದ ದೇಶಗಳಲ್ಲಿ ನಿವೃತ್ತಿಗೆ ಬಂದ ಗಂಡಸರು ಕೋಣೆಯ ಬಾಗಿಲು ಹಾಕಿಕೊಂಡು ಮಾಡುತ್ತಾರೆ. ಅಂಗೈಯಗಲದ ಟ್ಯಾಂಕು, ಬೆರಳುದ್ದದ ಸೈನಿಕ, ಚಕ್ರಕ್ಕೆ ಮೆತ್ತಿದ ಕೃತಕ ಕೆಸರು. ಅದು ಡಯೋರಮಾ, ಅದಕ್ಕೆ ಪತ್ರಿಕೆಗಳಿವೆ, ಪ್ರದರ್ಶನಗಳಿವೆ, ಪದಕಗಳಿವೆ. ನಮ್ಮ ನಾಲ್ಕನೆಯ ಇಯತ್ತೆಯವನು ನಿಜವಾದ ಕೆಸರನ್ನೇ ಮೆತ್ತಿದರೆ ಮಾತ್ರ “ಮಣ್ಣಾಗ ಆಡಾಕತ್ತಾನ ನೋಡ್ರಿ” ಎಂಬ ಆಕ್ಷೇಪ ಏಳುತ್ತದೆ. ಈ ಪೂರ್ವಪಕ್ಷದ ಪ್ರಧಾನ ಪ್ರತಿಪಾದಕಿ ಮನೆಯ ಅವ್ವ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ 1668ರಿಂದ ತನ್ನ ಗಡಿಕೋಟೆಗಳ ಮಾದರಿಗಳನ್ನು 600ಕ್ಕೆ ಒಂದರ ಅಳತೆಯಲ್ಲಿ ಮಾಡಿಸುತ್ತ ಹೋದ, ಒಬ್ಬರೂ ಬಯ್ಯಲಿಲ್ಲ. ಆದರೆ ಆತನ ತಾಯಿ 1666ರಲ್ಲೇ ತೀರಿಕೊಂಡಿದ್ದಳೆಂಬುದನ್ನು ಗಮನಿಸಬೇಕು.

ಮಾಪನಪ್ರಕರಣ

ಪಾಶ್ಚಾತ್ಯ ಪಂಥದ ಪ್ರಾಣ ಇರುವುದು ಅಳತೆಯಲ್ಲಿ. ಟ್ಯಾಂಕು 35ಕ್ಕೆ ಒಂದಾದರೆ ಪಕ್ಕದ ಸೈನಿಕನೂ, ಅವನ ಬೂಟೂ, ಬೂಟಿನ ಲಾಡಿಯೂ 35ಕ್ಕೆ ಒಂದು. ವಿಮಾನವಾದರೆ 72ಕ್ಕೆ ಒಂದು. ಇದನ್ನು ಮೀರಿದವನನ್ನು ಪಂಕ್ತಿಗೆ ಕರೆಯುವುದಿಲ್ಲ. ಈ 35 ಯಾವ ವೇದದಿಂದ ಬಂತು ಎಂದು ಹುಡುಕಿದರೆ ಸಿಗುವುದು ಜಪಾನಿನ ಒಂದು ಬ್ಯಾಟರಿ. 1960ರ ದಶಕದ ಆರಂಭದಲ್ಲಿ ತಮಿಯಾ ಕಂಪನಿಯವರು ಪ್ಯಾಂಥರ್ ಟ್ಯಾಂಕಿನ ಆಟಿಕೆ ಮಾಡಿದರು. ಅದು ಓಡಾಡಬೇಕಿತ್ತು, ಹೊಟ್ಟೆಯಲ್ಲಿ ಮೋಟಾರೂ ಬ್ಯಾಟರಿಯೂ ಹಿಡಿಸಬೇಕಿತ್ತು. ಹಿಡಿಸುವಷ್ಟು ದೊಡ್ಡದು ಮಾಡಿದ ಮೇಲೆ ಅಳೆದು ನೋಡಿದರೆ ಸುಮಾರು 35ಕ್ಕೆ ಒಂದಾಗಿತ್ತು. ಬ್ಯಾಟರಿಯ ಬೊಜ್ಜಿನಿಂದ ಹುಟ್ಟಿದ ಈ ಸಂಖ್ಯೆಗೆ ಇಂದು ಜಗತ್ತೇ ಕೈಮುಗಿಯುತ್ತಿದೆ.

ಸಂಕೇಶ್ವರದ ಮಾಪನಕ್ಕೆ ಇದಕ್ಕಿಂತ ಗಟ್ಟಿಯಾದ ತಳಹದಿ ಉಂಟು. ಇಲ್ಲಿ ಮಹಾರಾಜರು ಒಂದು ಗೇಣು, ಮಾವಳೆ ನಾಲ್ಕು ಬೆರಳು. ಹುಲಿ ಮಾವಳೆಗಿಂತ ದೊಡ್ಡದು, ತೋಫು ಹುಲಿಗಿಂತ ಚಿಕ್ಕದು. ಮಹಾದ್ವಾರವಂತೂ ಮಹಾರಾಜರ ಮೊಣಕಾಲೆತ್ತರ, ತಮ್ಮ ಕೋಟೆಗೆ ತಾವೇ ಪ್ರವೇಶಿಸಲಾರರು. ಇದನ್ನು ಅಜ್ಞಾನವೆಂದು ತಳ್ಳಿಹಾಕುವವರು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲನ್ನು ನೋಡಿಬರಬೇಕು. ಗಂಗರ ಕಾಲದ ಒಂದು ಇಡೀ ಕಾಳಗವನ್ನು, ಆನೆ ಕುದುರೆ ಬಿದ್ದ ಹೆಣಗಳ ಸಮೇತ, ಒಂದೇ ಬಂಡೆಯಲ್ಲಿ ಒತ್ತಿ ತುಂಬಿದ್ದಾರೆ. ಕನ್ನಡ ನಾಡಿನ ಅತ್ಯಂತ ಹಳೆಯ ಸೈನಿಕ ಡಯೋರಮಾಗಳೆಂದರೆ ನಮ್ಮ ಊರೂರ ವೀರಗಲ್ಲುಗಳೇ. ಅವುಗಳಲ್ಲಿ ವೀರ ದೊಡ್ಡವನು, ವೈರಿ ಸಣ್ಣವನು. ಮೇಲಿನ ಅಂಕಣದಲ್ಲಿ ವೀರನನ್ನು ಹೊತ್ತೊಯ್ಯುವ ಅಪ್ಸರೆಯರ ಗಾತ್ರ ಶಿಲ್ಪಿಯ ಇಷ್ಟ. ಅಲ್ಲಿ ಅಡಿಪಟ್ಟಿ ಹಿಡಿದದ್ದು ಮರ್ಯಾದೆ. ಈ ಮರ್ಯಾದಾಮಾಪನವೇ ಹುಡುಗರ ಕೈಗೆ ಇಳಿದು ಬಂದಿದೆ ಎಂಬುದು ನಮ್ಮ ಸಿದ್ಧಾಂತ.

ಸಿದ್ಧಾಂತಕ್ಕೆ ಪ್ರಮಾಣ ಬೇಕಲ್ಲ. ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿ ನೌಕರಿ ಮುಗಿಸಿ ಬಂದ ಒಬ್ಬ ಫೌಜಿ ಕಾಕಾ ಸಂಜೆ ತಿರುಗಾಡುತ್ತ ಒಂದು ಕಿಲ್ಲಾದ ಮುಂದೆ ನಿಂತು ತಪಾಸಣೆ ಮಾಡಿದ್ದನ್ನು ಪ್ರಬಂಧಕಾರ ಕಣ್ಣಾರೆ ಕಂಡಿದ್ದಾನೆ.

“ಲೇ ತಮ್ಮಾ, ನಿನ್ನ ಸಂತ್ರಿ ಒಳಗ ಮಾರಿ ಮಾಡಿ ನಿಂತಾನಲ್ಲೋ! ವೈರಿ ಬರೂದು ಹೊರಗಿನಿಂದ.”

“ಖರೇ ರೀ ಕಾಕಾ. ಆದ್ರ ಒಳಗ ಮಹಾರಾಜರು ಕುಂತಾರಲ್ರೀ. ಅವರಿಗೆ ಬೆನ್ನ ಮಾಡಿ ಹೆಂಗ ನಿಲ್ಲತಾನ್ರೀ?”

ಫೌಜಿ ಕಾಕಾ ಒಂದು ಗಳಿಗೆ ಯೋಚಿಸಿ, ಚಪ್ಪಲಿ ಬಿಟ್ಟು, ಮಹಾರಾಜರಿಗೆ ಕೈಮುಗಿದು ಮುಂದೆ ನಡೆದರು. ಮೂವತ್ತೈದರ ಪಂಥದವರು ಈ ಪ್ರಶ್ನೆಗೆ ಏನು ಉತ್ತರ ಕೊಡುತ್ತಾರೋ ಕೇಳಬೇಕು.

ಸಪ್ತಾಂಗಪ್ರಕರಣ

ರಾಜ್ಯಕ್ಕೆ ಅಂಗಗಳು ಏಳು. ಸ್ವಾಮಿ ಎಂದರೆ ಯಾರ ಅಂಗಳವೋ ಅವನು. ಶೌರ್ಯ, ವಿದ್ಯೆ, ವಯಸ್ಸು ಇಲ್ಲಿ ಲೆಕ್ಕಕ್ಕಿಲ್ಲ. ಅಮಾತ್ಯನು ಸೈಕಲ್ ಮೇಲೆ ಕುಳಿತು, ಒಂದು ಕಾಲು ಕಟ್ಟೆಗೆ ಊರಿ, ಕೈಗೆ ಮಣ್ಣು ಹಚ್ಚಿಕೊಳ್ಳದೆ ಸಲಹೆ ಕೊಡುವವನು. ಜನಪದವೆಂದರೆ ತಮ್ಮ ತಂಗಿಯರು. ಅವರು ನೀರು ತರಬೇಕು, ಮಣ್ಣು ಚಾಳಿಸಬೇಕು, ಮಹಾರಾಜರನ್ನು ಮುಟ್ಟಬಾರದು. ಮಿತ್ರನೆಂದರೆ ಗೌಂಡಿಯ ಮಗ. ಅವನ ಮನೆಯಲ್ಲಿ ಕರಣಿ ಇದೆ, ಅರ್ಧ ಚೀಲ ಗಟ್ಟಿಯಾಗದ ಸಿಮೆಂಟೂ ಇದೆ. ಅವನೊಂದಿಗೆ ಆಶ್ವೀಜ ಮಾಸದಲ್ಲಿ ಜಗಳ ಕೂಡದು. ದುರ್ಗ, ಕೋಶ, ದಂಡಗಳಿಗೆ ಬೇರೆ ಪ್ರಕರಣಗಳಿವೆ.

ಅಂಗಗಳಿಗೆ ಬರುವ ವ್ಯಸನಗಳಲ್ಲಿ ಮೊದಮೊದಲಿನದೇ ಹೆಚ್ಚು ಘೋರ ಎಂದು ಕೌಟಿಲ್ಯ ಎಚ್ಚರಿಸಿದ್ದಾನೆ. ಎಷ್ಟು ನಿಜ! ಅಮಾತ್ಯ ಮುನಿಸಿಕೊಂಡು ಹೋದರೆ ಕಿಲ್ಲಾಕ್ಕೆ ಏನೂ ಆಗುವುದಿಲ್ಲ, ಬುರುಜು ಇನ್ನಷ್ಟು ಬೇಗ ಏಳುತ್ತದೆ. ಸ್ವಾಮಿಯನ್ನು ನರಕಚತುರ್ದಶಿಯ ಹಿಂದಿನ ದಿನ ಗೋಕಾಕದ ಸೋದರಮಾವ ಬಂದು ಕರೆದೊಯ್ದರೆ ಮಾತ್ರ ರಾಜ್ಯವೇ ಅನಾಥ. ಅವನು ತಿರುಗಿ ಬರುವಾಗ ಕರದಂಟಿನ ಜೊತೆ ಗೋಕಾಕದ ಕಟ್ಟಿಗೆಯ ಬಣ್ಣದ ಹಣ್ಣುಗಳನ್ನು ತರುತ್ತಾನೆ. ಕಿಲ್ಲಾದ ಬುಡದಲ್ಲಿ ಸೀತಾಫಲವೊಂದು ಬುರುಜಿಗಿಂತ ಎತ್ತರ ಕುಳಿತಿರುವುದನ್ನು ಯಾರಾದರೂ ಕಂಡರೆ, ಅದರ ಹಿನ್ನೆಲೆ ಇದು.

ಕೋಶಪ್ರಕರಣ

ದುಡ್ಡಿಲ್ಲ.

ಮೃತ್ತಿಕಾಪ್ರಕರಣ

ಎರೆಮಣ್ಣೋ ಕೆಂಪುಮಣ್ಣೋ ಎಂಬುದು ಮೇಲಿನ ಓಣಿಗೂ ಕೆಳಗಿನ ಓಣಿಗೂ ನಡುವಿನ ಸನಾತನ ವಿವಾದ. ಎರೆಮಣ್ಣು ಅಂಟು, ಬೇಕಾದ ಆಕಾರಕ್ಕೆ ಬಾಗುತ್ತದೆ. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರಿಯುವುದು ಅದರ ಜಾತಿಗುಣ. ರಾತ್ರಿ ಮುಗಿಸಿದ ತಟಬಂದಿ ಮುಂಜಾನೆಗೆ ಬೆರಳು ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಕೆಂಪುಮಣ್ಣು ಬಿರಿಯುವುದು ಕಡಿಮೆ, ಹಿಂಗಾರಿ ಮಳೆಯ ನಾಲ್ಕು ಹನಿಗೆ ಕರಗಿ ಗಟಾರ ಸೇರುತ್ತದೆ. ಹೊಟ್ಟು, ಸಗಣಿ ಬೆರೆಸಿ ನಾದಿದರೆ ಎರಡೂ ಹದಕ್ಕೆ ಬರುತ್ತವೆ; ಗೋಡೆ ಮೆತ್ತುವ ಹೆಂಗಸರಿಗೆಲ್ಲ ಗೊತ್ತಿರುವ ಈ ಮಾತನ್ನು ಹುಡುಗರು ಕೇಳುವುದಿಲ್ಲ. ಬಿರುಕು ಬಿಟ್ಟ ಮೇಲೆ ಅದರ ಮುಂದೆ ಒಂದು ತೋಫು ಇಟ್ಟು “ಇದು ಮೊಗಲರು ಹೊಡೆದದ್ದು” ಎನ್ನುತ್ತಾರೆ. ಮೇಲ್ಮೈ ಶಿಥಿಲವಾದಂತೆ ತೋರಿಸಲು ಪರದೇಶದವರು ತುಕ್ಕಿನ ಪುಡಿ, ಮಸಿಯ ಲೇಪ ಎಂದು ದುಡ್ಡು ಸುರಿಯುತ್ತಾರೆ. ಎರೆಮಣ್ಣು ಇದನ್ನು ಪುಕ್ಕಟೆ ಮಾಡಿಕೊಡುತ್ತದೆ.

ಹಸಿರಿಗೆ ರಾಗಿ, ಸಾಸಿವೆ ಅಥವಾ ಅಳವಿ ಬೀಜ. ದಸರೆ ಘಟ್ಟದ ಮೊಳಕೆ ನೋಡಿ ಬೆಳೆದ ಹುಡುಗರಿಗೆ ಇದನ್ನು ಕಲಿಸಬೇಕಾಗಿಲ್ಲ. ಹಾಕಿದ ನಾಲ್ಕೈದು ದಿನಕ್ಕೆ ಗುಡ್ಡದ ಇಳಿಜಾರು ಹಸಿರಾಗುತ್ತದೆ, ಹಬ್ಬ ಮುಗಿಯುವ ಹೊತ್ತಿಗೆ ಮಾವಳೆಯರ ಎದೆಮಟ್ಟ ಬೆಳೆದು ಗೆರಿಲ್ಲಾ ಯುದ್ಧಕ್ಕೆ ಅನುಕೂಲವಾಗುತ್ತದೆ. ಲಕ್ಷ್ಮೀಪೂಜೆಗೆ ಕಟ್ಟಿದ ಕಬ್ಬಿನ ಗಣಿಕೆಯ ಸೋಗೆಯಿಂದ ಕಾಡು. ಓಣಿಯ ಆಡು ಬಂದು ಇದೆಲ್ಲವನ್ನೂ ಒಂದೇ ಬಾಯಿಗೆ ಮುಗಿಸಿದ ದಿನ ವನದುರ್ಗವು ಮರುದುರ್ಗವಾಗಿ ಪರಿವರ್ತನೆ ಹೊಂದುತ್ತದೆ. ಈ ಸಾಧ್ಯತೆಯನ್ನು ಮನು ಊಹಿಸಿರಲಿಲ್ಲ. ಆದರೆ ಅವನು ಹೇಳಿದ ನೃದುರ್ಗ, ಅಂದರೆ ಮನುಷ್ಯರೇ ಗೋಡೆಯಾಗಿ ಕಾಯುವ ಕೋಟೆ, ಓಣಿಗಳ ಕಿಲ್ಲಾ ಸ್ಪರ್ಧೆಯ ಹಿಂದಿನ ರಾತ್ರಿ ಕಂಬಳಿ ಹೊದ್ದು ಕಿಲ್ಲಾದ ಸುತ್ತ ಮಲಗುವ ಐವರಲ್ಲಿ ಸಾಕ್ಷಾತ್ಕಾರವಾಗುತ್ತದೆ.

ಸೇನಾಪ್ರಕರಣ

ಕೋಶಪ್ರಕರಣದ ಸ್ಥಿತಿ ಹಾಗಿರುವಾಗ ದಂಡು ದೊಡ್ಡದಿರಲು ಸಾಧ್ಯವಿಲ್ಲ. ಮನುವಿನ ಆಧಾರ ಇಲ್ಲಿ ಕೈಹಿಡಿಯುತ್ತದೆ: ಪ್ರಾಕಾರದ ಮೇಲೆ ನಿಂತ ಒಬ್ಬ ಬಿಲ್ಲುಗಾರ ಕೆಳಗಿನ ನೂರು ಮಂದಿಗೆ ಸಮ. ಆ ಲೆಕ್ಕದಲ್ಲಿ ಸಂತೆಯಲ್ಲಿ ಚೌಕಾಸಿ ಮಾಡಿ ತಂದ ಎಂಟು ಮಾವಳೆಯರು ಎಂಟುನೂರು ಮಂದಿಗೆ ಸಾಕು. ಅದರಲ್ಲಿ ಇಬ್ಬರಿಗೆ ಕಳೆದ ವರ್ಷವೇ ಕತ್ತಿ ಮುರಿದಿದೆ, ಅವರನ್ನು ಕಚೇರಿ ಕೆಲಸಕ್ಕೆ ಹಾಕಬೇಕು.

ಬಜೆಟ್ಟಿಗೆ ಹೇಳಿ ಮಾಡಿಸಿದಂಥ ಯುದ್ಧವೊಂದು ಸಂಕೇಶ್ವರದ ನೆರೆಯಲ್ಲೇ ನಡೆದಿರುವುದು ಊರಿನ ಪುಣ್ಯ. ಗಡಹಿಂಗ್ಲಜ ತಾಲ್ಲೂಕಿನ ನೇಸರಿಯಲ್ಲಿ 1674ರ ಫೆಬ್ರವರಿಯಲ್ಲಿ ಶಿವಾಜಿಯ ಸರನೋಬತ ಪ್ರತಾಪರಾವ್ ಗುಜರ್ ತನ್ನ ಆರು ಮಂದಿ ಸವಾರರ ಜೊತೆ ಬಿಜಾಪುರದ ಬಹಲೋಲಖಾನನ ದೊಡ್ಡ ಸೈನ್ಯದ ಮೇಲೆ ನುಗ್ಗಿ ಮಡಿದ. ಏಳೇ ಏಳು ಕುದುರೆ! ವಾಟರ್ಲೂ ಕಟ್ಟಲು ಹೋದ ಬ್ರಿಟಿಷ್ ಅಧಿಕಾರಿ ವಿಲಿಯಂ ಸೈಬೋರ್ನನಿಗೆ 70 ಸಾವಿರಕ್ಕೂ ಮಿಕ್ಕ ಸೀಸ–ತವರದ ಸೈನಿಕರು ಬೇಕಾದರು, 1830ರಲ್ಲಿ ಹಿಡಿದ ಕೆಲಸ 1838ರಲ್ಲಿ ಲಂಡನ್ನಿನ ಪ್ರದರ್ಶನಕ್ಕೆ ಬಂತು, ಅವನು ಸಾಲಕ್ಕೆ ಬಿದ್ದ. ನೇಸರಿಯಲ್ಲಿ ಎದುರು ಪಕ್ಷದ ಸೈನ್ಯವನ್ನು ಗುಡ್ಡದ ಆ ಬದಿಗೆ ಇದೆ ಎಂದುಕೊಂಡರೆ ಖರ್ಚು ಅಲ್ಲಿಗೇ ಮುಗಿಯಿತು.

ಹೋಲಿಸಿದರೆ ವಲ್ಲಭಗಡದ್ದು ದುರದೃಷ್ಟ. ಸಂಕೇಶ್ವರದ ಪಕ್ಕದ ಹರಗಾಪುರದ ಗುಡ್ಡದ ಮೇಲೆ, ಕಣ್ಣೆತ್ತಿದರೆ ಕಾಣುವಂತೆ, ನಿಜವಾದ ಕೋಟೆ ನಿಂತಿದೆ. ಪ್ರಬಂಧಕಾರ ನೋಡಿದ ಕಿಲ್ಲಾಗಳಲ್ಲಿ ರಾಯಗಡ ಇತ್ತು, ಪನ್ಹಾಳ ಇತ್ತು, ಪ್ರತಾಪಗಡ ಇತ್ತು, ವಲ್ಲಭಗಡ ಇರಲಿಲ್ಲ. ಕಾರಣ ಕೇಳಿದಾಗ ಒಬ್ಬ ದುರ್ಗಾಧಿಪತಿ ಕೊಟ್ಟ ಉತ್ತರ: “ಅದು ಅಲ್ಲೇ ಐತಲ್ರೀ, ಮತ್ತ ಯಾಕ ಕಟ್ಟೂದು?” ಮಾದರಿನಿರ್ಮಾಣದ ತತ್ತ್ವವನ್ನು ಇದಕ್ಕಿಂತ ಚಿಕ್ಕದಾಗಿ ಯಾರೂ ಹೇಳಿಲ್ಲ.

ಇನ್ನು ಸೂಕ್ಷ್ಮ ಪ್ರಶ್ನೆ: ಮೇಲೆ ಯಾರು, ಕೆಳಗೆ ಯಾರು? ಇದು ಬರೀ ಹುಡುಗರ ತಲೆನೋವಲ್ಲ. ಸೈಬೋರ್ನನ ಮಾದರಿಯಲ್ಲಿ ಪ್ರಷ್ಯನ್ನರು ಎದ್ದು ಕಾಣುತ್ತಿದ್ದರು; ಗೆದ್ದದ್ದು ತಾನು ಎಂದುಕೊಂಡಿದ್ದ ವೆಲಿಂಗ್ಟನ್ನನಿಗೆ ಅದು ಹಿಡಿಸಲಿಲ್ಲ; ಕೊನೆಗೆ ಸೈಬೋರ್ನ್ ಸಾವಿರಾರು ಪ್ರಷ್ಯನ್ನರನ್ನು ಒಬ್ಬೊಬ್ಬರನ್ನಾಗಿ ಕಿತ್ತು ತೆಗೆದ. ಸಂಕೇಶ್ವರದ ದೀಪಾವಳಿ ಒಮ್ಮೊಮ್ಮೆ ಕಿತ್ತೂರು ಉತ್ಸವದ ಹೊತ್ತಿಗೇ ಬರುತ್ತದೆ. 1824ರ ಅಕ್ಟೋಬರ್ 23ರಂದು ಚೆನ್ನಮ್ಮನ ಸೈನ್ಯ ಬ್ರಿಟಿಷರ ಥ್ಯಾಕರೆಯನ್ನು ಕೊಂದ ಪಾಠ ಶಾಲೆಯಲ್ಲಿ ಆಗಿರುತ್ತದೆ, ರಾಯಣ್ಣನೂ ಬೇಕೇ ಬೇಕು ಎಂದು ಒಬ್ಬ ಹಟ ಹಿಡಿಯುತ್ತಾನೆ. ಸಂತೆಯಲ್ಲಿ ಆ ಅಳತೆಯ ರಾಯಣ್ಣ ಸಿಗುವುದಿಲ್ಲ. ಒಮ್ಮೆ ಹೀಗಾದಾಗ ಬಂದೂಕು ಹಿಡಿದ ಹಸಿರು ಪ್ಲಾಸ್ಟಿಕ್ಕಿನ ಅಮೇರಿಕನ್ ಸಿಪಾಯಿಗೆ ಸ್ಕೆಚ್‌ಪೆನ್ನಿನಿಂದ ಹುರಿಮೀಸೆ ಬರೆದು, ತಲೆಗೆ ಕೆಂಪು ದಾರ ಸುತ್ತಿ, ಎಡಗಡೆ ಬುರುಜಿನ ಮೇಲೆ ನಿಲ್ಲಿಸಿದರು. ಎರಡು ಬುರುಜುಗಳ ಎತ್ತರವನ್ನು ಇಬ್ಬರು ಹುಡುಗರು ಬಟ್ಟಲಲ್ಲಿ ನೀರು ಇಟ್ಟು ಮಟ್ಟ ನೋಡಿ ಸರಿಮಾಡಿಕೊಂಡರು. ಒಬ್ಬರನ್ನೂ ಕೀಳಲಿಲ್ಲ.

ಬಲಿಪಾಡ್ಯದ ದಿನ ಇದೇ ಮನೆಯ ಹೊಸ್ತಿಲ ಮೇಲೆ ಸಗಣಿಯ ಪಾಂಡವರೂ ಚೆಂಡುಹೂ ಮುಡಿದು ಬಂದು ಕೂರುತ್ತಾರೆ. ಐವರು ಪಾಂಡವರು ಹೊಸ್ತಿಲಲ್ಲಿ, ಶಿವಾಜಿ ಅಂಗಳದಲ್ಲಿ, ರಾಯಣ್ಣ ಬುರುಜಿನಲ್ಲಿ. ಇವರ ನಡುವೆ ಒಪ್ಪಂದವೇನಾದರೂ ಆಗಿದೆಯೇ ಎಂಬುದಕ್ಕೆ ದಾಖಲೆ ಇಲ್ಲ. ಐವರು ಪಾಂಡವರ ಸಗಣಿಯೂ ಒಂದೇ ಎಮ್ಮೆಯದು ಎಂಬುದಷ್ಟೇ ದೃಢಪಟ್ಟಿದೆ.

ಪ್ರಳಯಪ್ರಕರಣ

ಕಿಲ್ಲಾದ ಅಂತ್ಯದ ಬಗ್ಗೆ ಎರಡು ಮತಗಳಿವೆ. ತುಳಸಿ ಲಗ್ನದವರೆಗೆ ಇಟ್ಟು, ತಾನಾಗಿ ಕುಸಿಯಲು ಬಿಡಬೇಕೆನ್ನುವುದು ಮೃದುಮತ. ಉಳಿದ ಸುತಳಿ ಬಾಂಬನ್ನು ಸುರಂಗದಲ್ಲಿಟ್ಟು ಹಾರಿಸಬೇಕೆನ್ನುವುದು ಉಗ್ರಮತ. ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನೇ ಬರೆದು ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ಹಾಕಿಕೊಟ್ಟ. ಅವನ ತೋಫು ಸ್ಪ್ರಿಂಗಿನದು, ಬಿದ್ದ ಸೈನಿಕ ಮರುದಿನ ಎದ್ದು ನಿಲ್ಲುತ್ತಿದ್ದ. ಉಗ್ರಮತದವರು ಸ್ಫೋಟಕ್ಕೆ ಮುಂಚೆ ಮಹಾರಾಜರನ್ನು ಎರಡೂ ಕೈಯಲ್ಲಿ ಎತ್ತಿ ದೇವರಮನೆಗೆ ಒಯ್ಯುತ್ತಾರೆ, ಮಾವಳೆಯರನ್ನು ಕಿಸೆಗೆ ತುಂಬಿಕೊಳ್ಳುತ್ತಾರೆ, ಹಸಿರು ಸಿಪಾಯಿಗಳನ್ನು ಮಾತ್ರ ಅಲ್ಲೇ ಬಿಡುತ್ತಾರೆ. ಮರ್ಯಾದಾಮಾಪನವು ಪ್ರಳಯದಲ್ಲೂ ಕೆಲಸ ಮಾಡುತ್ತದೆ. ಮೀಸೆ ಬರೆಸಿಕೊಂಡ ಸಿಪಾಯಿ ಕಿಸೆ ಸೇರಿದ್ದನ್ನು ಇಲ್ಲಿ ದಾಖಲಿಸಬೇಕು.

ಜಲದುರ್ಗಕ್ಕೆ ಈ ಎರಡೂ ಮತಗಳು ಅನ್ವಯಿಸುವುದಿಲ್ಲ. ಮಾಲವಣದ ಸಮುದ್ರದಲ್ಲಿ 1664ರಿಂದ 1667ರವರೆಗೆ ಕಟ್ಟಿದ ಸಿಂಧುದುರ್ಗವನ್ನು ನಮ್ಮಲ್ಲಿ ಪರಾತದಲ್ಲಿ ಕಟ್ಟುತ್ತಾರೆ. ನಡುವೆ ಕಲ್ಲಿನ ದ್ವೀಪ, ಸುತ್ತ ಬಟ್ಟೆಗೆ ಹಾಕುವ ನೀಲಿ ಕಲಸಿದ ಅರಬ್ಬೀ ಸಮುದ್ರ, ಅದರ ಮೇಲೆ ನೋಟುಬುಕ್ಕಿನ ಹಾಳೆಯ ಆರ್ಮಾರ. ಮುತ್ತಿಗೆ ಬರುವುದು ಪಾಡ್ಯದ ಬೆಳಿಗ್ಗೆ, ಅಡುಗೆಮನೆಯ ದಿಕ್ಕಿನಿಂದ.

“ಪರಾತ ಕೊಡ್ತಿಯೋ ಇಲ್ಲೋ? ಹೋಳಿಗಿ ಹಿಟ್ಟ ನಾದೂದೈತಿ.”

“ತಡೀ ಯವ್ವಾ, ಸಮುದ್ರ ಚೆಲ್ಲಿ ಬರ್ತೀನಿ.”