ಹಿನ್ನೀರಿನ ಕಾಕಾ

ಎಂಜಲು ಕೈಲೆ ಕಾಗಿ ಹೊಡೆಯದ ಜೀನ ಮನುಷ್ಯ ಎಲ್ಲಾ ಊರಲ್ಲೂ ಸಿಗುತ್ತಾನೆ. ಆದರೆ ಅನಗವಾಡಿ ಕಡೆ, ಘಟಪ್ರಭೆಯ ದಂಡೆಯ ಜೀನ ಕಾಕಾನಿಗೆ ಮಾತ್ರ ಸರಕಾರಿ ಆಧಾರವುಂಟು: ಆಲಮಟ್ಟಿ ಹಿನ್ನೀರು.

ಅವನ ಗೋಡೆ ಸುಣ್ಣ ಕಂಡು ಎಷ್ಟು ದೀಪಾವಳಿ ಆದವೋ. ಹೆಂಡತಿ ಕಾಕು ಆ ಬಗ್ಗೆ ಬಾಯಿ ತೆರೆದರೆ ಸಾಕು, ಅವನದು ಒಂದೇ ಮಾತು: "ಡ್ಯಾಮಿನ್ಯಾಗ ನೀರು ಈಗ 519.60 ಮೀಟರಿಗೆ ನಿಂತೈತಿ. 524.256ಕ್ಕ ಏರಸ್ತಾರಂತ. ಮುಳಗೂ ಮನಿಗೆ ಸುಣ್ಣಾ ಹಚ್ಚಿ ಮೀನಕ್ಕ ತೋರಸೂದೇನ?" ಮಗಳ ಮದುವೆಯ ತಾರೀಖು ಮರೆತವನಿಗೆ ದಶಾಂಶದ ಮೂರೂ ಅಂಕಿ ಬಾಯಿಪಾಠ. ಮಾಳಿಗೆ ಸೋರಿದಾಗ ಕೆಳಗೊಂದು ಬೋಗಾಣಿ ಇಟ್ಟು, "ಹಿನ್ನೀರು ಈ ಸಲ ಮ್ಯಾಲಿಂದ ಬಂದೈತಿ" ಎಂದ.

ಜಾತ್ರೆಗೆ ಪಟ್ಟಿ ಎತ್ತುವ ಹುಡುಗರು ಬಂದರೆ ಕಾಕಾ ಎದೆ ಉಬ್ಬಿಸುತ್ತಾನೆ. "ತಮ್ಮಾ, ನಾಡಿಗೆ ಹೊಲಾನ ಕೊಟ್ಟೇನಿ. ರಾಯಚೂರು, ಯಾದಗಿರಿ ಮಂದಿ ಬೆಳಿಯೂ ಭತ್ತಕ್ಕ ನನ್ನ ಎರಿ ಮುಳಗೈತಿ. ಇನ್ನೆಷ್ಟ ದಾನಾ ಮಾಡ್ಲಿ?"

"ಅದಕ್ಕ ಪರಿಹಾರ ತಗೊಂಡಿಯಲ್ಲ ಕಾಕಾ?"

"ಚಹಾ ಮಾಡಸ್ತಿದ್ದೆ. ಬಿಸಲಾಗ ನಿಮಗ ಪಿತ್ತ ಆದೀತು, ಹೋಗಿ ಬರ್ರಿ."

ಪೂರ್ತಿ ಬೈಯಲೂ ಆಗದು ನೋಡಿ. ಪರಿಹಾರದ ರೊಕ್ಕವನ್ನು ಮದುವೆ, ಮೋಟಾರ್ ಸೈಕಲ್ಲು ಅಂತ ಕರಗಿಸಿದವರೇ ಇವನನ್ನು ಜೀನ ಅಂತ ಆಡಿಕೊಳ್ಳುವುದು. ಕತ್ತಲಾದ ಮೇಲೆ ಕೈಗಡಕ್ಕೆ ಬರುವವರೂ ಅವರೇ. ಕಾಕಾನ ಠೇವಣಿ ಮಾತ್ರ ಬ್ಯಾಂಕಿನಲ್ಲಿ ಮರಿ ಹಾಕುತ್ತಲೇ ಇದೆ.

2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಕೃಷ್ಣಾ ಮೇಲ್ದಂಡೆ ಮೂರನೇ ಹಂತದಲ್ಲಿ ಮುಳುಗುವ ಜಮೀನಿಗೆ ಪರಿಹಾರದ ದರ ಗೊತ್ತುಮಾಡಿತು. ಅಂದು ಕಾಕಾ ಹೋಟೆಲಿನಲ್ಲಿ ಅರ್ಧ ಕಪ್ಪು ಬಿಟ್ಟು ಫುಲ್ ಚಹಾ ಹೇಳಿದ. ಬಿಲ್ಲಿನ ಹೊತ್ತಿಗೆ ಯಥಾಪ್ರಕಾರ ಹೊರಗೆ ನಿಂತು ಮೀಸೆ ಒರೆಸಿಕೊಳ್ಳುತ್ತಿದ್ದ. ಯಾರೋ ಪೇಪರು ಜೋರಾಗಿ ಓದಿದರು: ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ. ಕಾಕಾನ ಮೀಸೆ ಅಲ್ಲೇ ನಿಂತಿತು. ಉಳಿದ ಹೊಲಕ್ಕೊಂದು ಬೋರು ಹೊಡೆಸೆಂದು ಕಾಕು ಗೋಗರೆದಾಗಲೆಲ್ಲ, "ಮುಳಗೂ ಹೊಲಕ್ಕ ಯಾಕ?" ಎಂದವನು ಅವನೇ.

ಮನೆಯಲ್ಲಿ ಕಾಕು ರೊಟ್ಟಿ ಬಡಿಯುತ್ತಲೇ ಕೇಳಿದಳು, "ಎಕರೆಕ್ಕ ಹತ್ತ ಲಕ್ಷ ಹೋತಲ್ರೀ?"

"ಹೋಗ್ಲಿ ಬಿಡ. ಹೆಚ್ಚ ಬಂದಿದ್ರ ಕೇಳಾಕ ಬರಾವ್ರೂ ಹೆಚ್ಚ ಆಗ್ತಿದ್ರು."